ಗುಟ್ಟು ಕಾಯ್ದ ದರೋಡೆಕಾರ

ಓ. ಹೆನ್ರಿಯ ‘ಇಪ್ಪತ್ತು ವರ್ಷಗಳ ನಂತರ’ ಎಂಬ ಕಥೆಯನ್ನು ನಮ್ಮಲ್ಲಿ ಅನೇಕರು ಓದಿರಬಹುದು. ಇಬ್ಬರು ಗೆಳೆಯರಲ್ಲಿ ಒಬ್ಬ ಅದೃಷ್ಟವನ್ನು ಅರಸಿ ಅಮೆರಿಕದ ಪಶ್ಚಿಮಕ್ಕೆ ಹೋಗಿ ಅಪರಾಧಿಯಾಗುತ್ತಾನೆ; ಇನ್ನೊಬ್ಬ ನ್ಯೂಯಾರ್ಕಿನಲ್ಲಿಯೇ ಉಳಿದು ಪೊಲೀಸನಾಗುತ್ತಾನೆ. ಕೊಟ್ಟ ಮಾತಿನಂತೆ ಇಬ್ಬರೂ ಮತ್ತೆ ಕೂಡುವ ರಾತ್ರಿ ಗೆಳೆತನ ದೊಡ್ಡದೋ ಕರ್ತವ್ಯ ದೊಡ್ಡದೋ ಎಂಬ ಪ್ರಶ್ನೆ ಏಳುತ್ತದೆ. ಈ ಕಥೆ ಬರೆದವನಿಗೂ ಪಶ್ಚಿಮದಲ್ಲಿ ಅಂಥ ಒಬ್ಬ ಗೆಳೆಯನಿದ್ದ. ಅವನ ಹೆಸರು ಆಲ್ ಜೆನ್ನಿಂಗ್ಸ್. ಓದಿನಿಂದ ವಕೀಲ, ಕೃತಿಯಿಂದ ರೈಲು ದರೋಡೆಕಾರ.

ಓ. ಹೆನ್ರಿಯ ನಿಜವಾದ ಹೆಸರು ವಿಲಿಯಂ ಸಿಡ್ನಿ ಪೋರ್ಟರ್. 1862ರಲ್ಲಿ ಉತ್ತರ ಕೆರೊಲಿನಾದಲ್ಲಿ ಹುಟ್ಟಿದ ಈತ ಇಪ್ಪತ್ತರ ಹರೆಯದಲ್ಲಿ ಟೆಕ್ಸಾಸಿಗೆ ಬಂದ. ಆಸ್ಟಿನ್ ನಗರದ ಬ್ಯಾಂಕೊಂದರಲ್ಲಿ ಹಣ ಎಣಿಸುವ ಕೆಲಸ ಮಾಡುತ್ತಲೇ ‘ರೋಲಿಂಗ್ ಸ್ಟೋನ್’ ಎಂಬ ಹಾಸ್ಯ ವಾರಪತ್ರಿಕೆಯನ್ನು ನಡೆಸಿ ಕೈಸುಟ್ಟುಕೊಂಡ. ಬ್ಯಾಂಕಿನ ಲೆಕ್ಕದಲ್ಲಿ ಹಣ ಕಡಿಮೆ ಬಂದು ಮೊಕದ್ದಮೆ ಎದ್ದಾಗ, 1896ರಲ್ಲಿ, ಹೊಂಡುರಾಸಿಗೆ ಓಡಿಹೋದ. ಹೆಂಡತಿ ಕ್ಷಯದಿಂದ ಸಾವಿನ ಅಂಚಿನಲ್ಲಿರುವಳೆಂದು ತಿಳಿದು ಮರುವರ್ಷದ ಆದಿಯಲ್ಲಿ ಹಿಂತಿರುಗಿದ. ಅವಳು ತೀರಿಕೊಂಡಳು, ಅವನಿಗೆ ಐದು ವರ್ಷಗಳ ಶಿಕ್ಷೆಯಾಯಿತು. ತೀರ್ಪಿನಲ್ಲಿ ನಮೂದಾದ ಮೊತ್ತ 854 ಡಾಲರುಗಳಷ್ಟು. 1898ರಲ್ಲಿ ಒಹಾಯೋ ರಾಜ್ಯದ ಕೊಲಂಬಸ್ ಸೆರೆಮನೆಯಲ್ಲಿ ಅವನು 30664ನೆಯ ಕೈದಿಯಾದ.

ಜೆನ್ನಿಂಗ್ಸನ ದಾರಿ ಬೇರೆ. ಇಂದಿನ ಒಕ್ಲಹೋಮದ ವುಡ್‌ವರ್ಡ್ ಎಂಬ ಊರಿನಲ್ಲಿ 1895ರಲ್ಲಿ ವಕೀಲಿಯ ವೈಷಮ್ಯವೊಂದು ಬೆಳೆದು, ಟೆಂಪಲ್ ಹ್ಯೂಸ್ಟನ್ ಎಂಬ ಪ್ರತಿವಕೀಲ ಇವನ ಸೋದರನನ್ನು ಗುಂಡಿಟ್ಟು ಕೊಂದ. ನ್ಯಾಯಾಲಯ ಹ್ಯೂಸ್ಟನ್ನನನ್ನು ಖುಲಾಸೆ ಮಾಡಿತು. ಕಾನೂನು ಓದಿದವನು ಕಾನೂನಿಗೇ ಬೆನ್ನು ತಿರುಗಿಸಿದ. ಆದರೆ ದರೋಡೆಕಾರನಾಗಿ ಅವನು ಗಳಿಸಿದ ಯಶಸ್ಸು ಅಷ್ಟಕ್ಕಷ್ಟೆ. 1897ರ ಅಕ್ಟೋಬರಿನಲ್ಲಿ ಅವನ ತಂಡ ರೈಲೊಂದನ್ನು ತಡೆದು ತಿಜೋರಿಗೆ ಡೈನಮೈಟ್ ಇಟ್ಟಾಗ ಹಾಳಾದದ್ದು ರೈಲಿನ ಡಬ್ಬಿಯೇ ಹೊರತು ತಿಜೋರಿಯಲ್ಲ. ಕೊನೆಗೆ ಪ್ರಯಾಣಿಕರ ಜೇಬುಗಳಿಂದಲೇ ತೃಪ್ತಿಪಡಬೇಕಾಯಿತು. ಆ ವರ್ಷ ಮುಗಿಯುವ ಮುನ್ನವೇ ಸೆರೆಸಿಕ್ಕ. ಜೀವಾವಧಿ ಶಿಕ್ಷೆ ಹೊತ್ತು ಅವನೂ ಕೊಲಂಬಸ್ಸಿಗೆ ಬಂದ.

ಟೆಕ್ಸಾಸಿಗೆ ಬರುವ ಮೊದಲೇ ಔಷಧ ವ್ಯಾಪಾರವನ್ನು ಕಲಿತಿದ್ದುದರಿಂದ ಪೋರ್ಟರನಿಗೆ ಸೆರೆಮನೆಯ ಔಷಧಾಲಯದಲ್ಲಿ ರಾತ್ರಿಪಾಳಿಯ ಕೆಲಸ ದೊರೆಯಿತು. ರೋಗಿಗಳ ನರಳಾಟದ ನಡುವೆ ಬಿಡುವು ಸಿಕ್ಕಾಗ ಅವನು ಕಥೆ ಬರೆದ. ಅವು ನ್ಯೂ ಆರ್ಲಿಯನ್ಸಿನ ಪರಿಚಿತರೊಬ್ಬರ ಮೂಲಕ ಪತ್ರಿಕೆಗಳಿಗೆ ಹೋಗುತ್ತಿದ್ದವು. ಲೇಖಕ ಕೈದಿಯೆಂಬುದು ಸಂಪಾದಕರಿಗೆ ತಿಳಿಯುವಂತಿರಲಿಲ್ಲ. ಒಮ್ಮೆ ಹೊಸ ಕಥೆಯನ್ನು ಪೋರ್ಟರ್ ತನಗೂ ಇನ್ನೊಬ್ಬ ರೈಲು ದರೋಡೆಕಾರನಿಗೂ ಓದಿ ಹೇಳಿದನೆಂದೂ, ಆ ಇನ್ನೊಬ್ಬ ಕಣ್ಣೊರೆಸಿಕೊಂಡನೆಂದೂ ಜೆನ್ನಿಂಗ್ಸ್ ಬರೆದಿದ್ದಾನೆ. ಓ. ಹೆನ್ರಿಯ ಮೊದಲ ವಿಮರ್ಶಕರು ಇವರೇ ಎನ್ನಬೇಕು.

ಜೆನ್ನಿಂಗ್ಸ್ ಹೇಳುವ ಇನ್ನೊಂದು ಸಂಗತಿ ಹೆಚ್ಚು ಕಹಿಯಾದದ್ದು. ಡಿಕ್ ಪ್ರೈಸ್ ಎಂಬ ಕೈದಿ ತನ್ನ ಉಗುರುಗಳನ್ನು ಜೀವಕ್ಕೆ ತಾಗುವಷ್ಟು ಅರದಿಂದ ಉಜ್ಜಿಕೊಂಡು, ಬೆರಳ ತುದಿಯ ಸ್ಪರ್ಶಮಾತ್ರದಿಂದ ತಿಜೋರಿ ತೆರೆಯಬಲ್ಲವನಾಗಿದ್ದನಂತೆ. ಅಧಿಕಾರಿಗಳಿಗಾಗಿ ಒಂದು ತಿಜೋರಿಯನ್ನು ತೆರೆದರೆ ಕ್ಷಮಾದಾನ ಸಿಗುವುದೆಂದು ಅವನಿಗೆ ಮಾತು ಕೊಟ್ಟರು. ಅವನು ತೆರೆದ, ಅವರು ಮಾತು ತಪ್ಪಿದರು, ಅವನು ಸೆರೆಯಲ್ಲಿಯೇ ಸತ್ತ. 1903ರಲ್ಲಿ ಪ್ರಕಟವಾದ ಓ. ಹೆನ್ರಿಯ ಕಥೆಯಲ್ಲಿ ಜಿಮ್ಮಿ ವ್ಯಾಲಂಟೈನ್ ಎಂಬ ಕಳ್ಳ ಒಳಗೆ ಸಿಕ್ಕಿಕೊಂಡ ಮಗುವಿಗಾಗಿ ತಿಜೋರಿ ತೆರೆಯುತ್ತಾನೆ. ಹಿಡಿಯಲು ಬಂದ ಪತ್ತೇದಾರ ಅವನನ್ನು ಗುರುತಿಸದವನಂತೆ ಹೊರಟುಹೋಗುತ್ತಾನೆ. ಜೆನ್ನಿಂಗ್ಸನ ಮಾತು ನಿಜವಾದರೆ, ಜಗತ್ತು ನಿರಾಕರಿಸಿದ ಕ್ಷಮೆಯನ್ನು ಕಥೆಗಾರ ಕೊಟ್ಟ.

1901ರ ಜುಲೈಯಲ್ಲಿ ಪೋರ್ಟರ್ ಬಿಡುಗಡೆಯಾದ. ಮರುವರ್ಷ ನ್ಯೂಯಾರ್ಕಿಗೆ ಹೋದ. ಕೈಯಲ್ಲಿ ಕಾಸಿಲ್ಲ, ಹೆಸರಿನ್ನೂ ನೆಲೆಯಾಗಿಲ್ಲ. ಆ ಕಾಲದಲ್ಲಿ ಅವನು ಜೆನ್ನಿಂಗ್ಸನಿಗೆ ಬರೆದ ಪತ್ರವೊಂದು ಉಳಿದುಬಂದಿದೆ. ರೈಲು ದರೋಡೆಯ ಬಗೆಗೆ ಲೇಖನವೊಂದನ್ನು ಬರೆದು ಕಳಿಸೆಂದು ಅದರಲ್ಲಿ ಕೇಳಿದ್ದಾನೆ. ಹೇಗೆ ಬರೆಯಬೇಕೆಂಬುದನ್ನೂ ಹೇಳಿದ್ದಾನೆ. ತತ್ತ್ವಜಿಜ್ಞಾಸೆ ಬೇಡ, ಥಟ್ಟನೆ ವಿಷಯಕ್ಕಿಳಿ. ವಾಕ್ಯಗಳು ಚಿಕ್ಕದಾಗಿರಲಿ, ಅಲಂಕಾರವಿಲ್ಲದಿರಲಿ. ಗೆಳೆಯನಿಗೆ ಕಾಗದ ಬರೆಯುವಂತೆ ಬರೆ. ಪಶ್ಚಿಮದ ಜನ ನಿಜವಾಗಿ ಆಡುವ ಮಾತುಗಳಿರಲಿ – ಇದು ಅವನ ಸಲಹೆಯ ಸಾರ. ಕಥನಕಲೆಯ ಬಗೆಗೆ ಓ. ಹೆನ್ರಿ ಕೊಟ್ಟ ಇಷ್ಟು ನೇರವಾದ ಪಾಠ, ಕಲಿಯಲೆಂದು ಬಂದ ಸಾಹಿತ್ಯ ವಿದ್ಯಾರ್ಥಿಗೆ ಸಂದದ್ದಲ್ಲ, ದರೋಡೆಕಾರನೊಬ್ಬನಿಗೆ ಸಂದದ್ದು. ಜೆನ್ನಿಂಗ್ಸ್ ಬರೆದು ಕಳಿಸಿದ, ಪೋರ್ಟರ್ ತಿದ್ದಿದ, ‘ರೈಲನ್ನು ತಡೆದು ದೋಚುವುದು’ ಎಂಬ ಅರ್ಥದ ಶೀರ್ಷಿಕೆಯಲ್ಲಿ ಅದು 1904ರಲ್ಲಿ ‘ಮೆಕ್ಲೂರ್ಸ್’ ಪತ್ರಿಕೆಯಲ್ಲಿ ಬಂತು. ಹಣ ಬಂದರೆ ನಿನ್ನ ಪಾಲನ್ನು ಕಳಿಸುತ್ತೇನೆಂದು ಪೋರ್ಟರ್ ಮಾತು ಕೊಟ್ಟಿದ್ದ. ಅವನು ಕೇಳಿಕೊಂಡದ್ದು ಒಂದನ್ನೇ: ತನ್ನ ಕಾವ್ಯನಾಮವನ್ನು ಯಾರಿಗೂ ಹೇಳಬಾರದು.

ಈ ಬೇಡಿಕೆಯ ಭಾರವನ್ನು ನಾವು ತಿಳಿಯಬೇಕು. ಮಗಳು ಮಾರ್ಗರೆಟ್ಟಳಿಗೆ ತಂದೆ ಕೆಲಸದ ಮೇಲೆ ದೂರ ಹೋಗಿದ್ದಾನೆಂದಷ್ಟೇ ಹೇಳಲಾಗಿತ್ತು. ನ್ಯೂಯಾರ್ಕಿನ ‘ವರ್ಲ್ಡ್’ ಪತ್ರಿಕೆ ವಾರಕ್ಕೊಂದು ಕಥೆಗೆ ನೂರು ಡಾಲರು ಕೊಡುತ್ತಿದ್ದಾಗಲೂ ಲೇಖಕನಿಗೆ ತನ್ನ ಹಿಂದಿನ ಬದುಕಿನ ಭಯ ತಪ್ಪಿರಲಿಲ್ಲ. ಆ ಬದುಕನ್ನು ಬಲ್ಲ ಜೆನ್ನಿಂಗ್ಸನಾದರೋ ಬಾಯಿಬಿಡುಕ. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರ ಕ್ಷಮಾದಾನ ಪಡೆದು, 1914ರಲ್ಲಿ ಒಕ್ಲಹೋಮದ ರಾಜ್ಯಪಾಲನಾಗಲು ಸ್ಪರ್ಧಿಸಿ ಸೋತು, ತನ್ನ ಪಾಪಗಳನ್ನು ಚಲನಚಿತ್ರವಾಗಿಯೂ ತೋರಿಸಿದವನು. ಆದರೂ 1910ರಲ್ಲಿ ಪೋರ್ಟರ್ ಸಾಯುವವರೆಗೆ ಸೆರೆಮನೆಯ ಸುದ್ದಿ ಓದುಗರನ್ನು ಮುಟ್ಟಲಿಲ್ಲ. ಅದನ್ನು ವಿವರವಾಗಿ ಬೆಳಕಿಗೆ ತಂದದ್ದು 1916ರಲ್ಲಿ ಬಾಲ್ಯಮಿತ್ರ ಅಲ್ಫಾನ್ಸೊ ಸ್ಮಿತ್ ಬರೆದ ಜೀವನಚರಿತ್ರೆ. ಈ ಗೆಳೆತನದ ಬಗೆಗೆ ಜೆನ್ನಿಂಗ್ಸನ ಸ್ವಂತ ಪುಸ್ತಕ ಹೊರಬಂದದ್ದು 1921ರಲ್ಲಿ.

ಆ ಪುಸ್ತಕವನ್ನು ಇತಿಹಾಸಕಾರ ಪೂರ್ತಿಯಾಗಿ ನಂಬಲಾರ. ಕೊಳ್ಳೆಯ ಹಣದೊಡನೆ ಓಡಿಹೋದ ತಾನು ಪೋರ್ಟರನನ್ನು ಮೊದಲು ಕಂಡದ್ದು ಹೊಂಡುರಾಸಿನಲ್ಲಿ ಎನ್ನುತ್ತಾನೆ ಜೆನ್ನಿಂಗ್ಸ್. ಆದರೆ ದಾಖಲೆಯಾಗಿರುವ ಅವನ ರೈಲು ದರೋಡೆಗಳು 1897ರ ಉತ್ತರಾರ್ಧದವು. ಪೋರ್ಟರ್ ಅಷ್ಟರಲ್ಲಿ ಆಸ್ಟಿನ್ನಿಗೆ ಮರಳಿದ್ದ. ಸಂಭಾಷಣೆಗಳಲ್ಲಿ ಎಷ್ಟು ನೆನಪು, ಎಷ್ಟು ಕಲ್ಪನೆ ಎಂದು ಬೇರ್ಪಡಿಸುವುದು ಕಷ್ಟ. ಹೀಗೆ, ಒಬ್ಬ ದೊಡ್ಡ ಕಥೆಗಾರ ಎಲ್ಲರಿಂದ ಮರೆಮಾಚಿದ ವರ್ಷಗಳಿಗೆ ಪ್ರಮುಖ ಸಾಕ್ಷಿ, ಸುಳ್ಳಿನ ರುಚಿ ಬಲ್ಲ ಒಬ್ಬ ದರೋಡೆಕಾರ.

ಹಾಗಿದ್ದರೂ ಆ ಪತ್ರ ಸುಳ್ಳಲ್ಲ. ಪೋರ್ಟರನಿಗೆ ಬದುಕನ್ನು ಬಚ್ಚಿಡಬೇಕಾಗಿತ್ತು. ಜೆನ್ನಿಂಗ್ಸನಿಗೆ ಬದುಕನ್ನು ಸಾರಬೇಕಾಗಿತ್ತು. ಇಷ್ಟು ವಿರುದ್ಧವಾದ ಎರಡು ಸ್ವಭಾವಗಳನ್ನು ಒಂದುಗೂಡಿಸಿದ್ದು ಒಂದೇ ಗೋಡೆಯ ಹಿಂದೆ ಕಳೆದ ರಾತ್ರಿಗಳು. ಜೆನ್ನಿಂಗ್ಸ್ ಕ್ಯಾಲಿಫೋರ್ನಿಯಾದಲ್ಲಿ 1961ರವರೆಗೆ ಬದುಕಿದ, ಕೊನೆಯವರೆಗೂ ಕಥೆ ಹೇಳುತ್ತಲೇ. ಓ. ಹೆನ್ರಿಯ ಕಥೆಯಲ್ಲಿ ಪಶ್ಚಿಮದ ಗೆಳೆಯನನ್ನು ನ್ಯೂಯಾರ್ಕಿನ ಗೆಳೆಯ ಬಿಟ್ಟುಕೊಟ್ಟ. ಬದುಕಿನಲ್ಲಿ ಹಾಗಾಗಲಿಲ್ಲ. ಬಾಯಿಬಿಡುಕನೆನಿಸಿದ ಪಶ್ಚಿಮದ ಗೆಳೆಯ, ನ್ಯೂಯಾರ್ಕಿನ ಗೆಳೆಯ ಬದುಕಿರುವ ತನಕ ಅವನ ಹೆಸರನ್ನು ಕಾಯ್ದ.