ಗಾನ್ ಇನ್ 60 ಸೆಕೆಂಡ್ಸ್ (1974): ಮರೆಗೆ ಸರಿದ ಮೂಲಚಿತ್ರ, ಮುಗಿಯದ ಪ್ರೇಕ್ಷಕರ ತಕರಾರು

‘ಗಾನ್ ಇನ್ 60 ಸೆಕೆಂಡ್ಸ್’ ಎಂದೊಡನೆ ಹೆಚ್ಚಿನ ಚಿತ್ರರಸಿಕರ ಕಣ್ಣಮುಂದೆ ನಿಲ್ಲುವುದು ನಿಕೊಲಸ್ ಕೇಜ್, ಏಂಜಲಿನಾ ಜೋಲಿ ಮತ್ತು ಬೂದುಬಣ್ಣದ ಒಂದು ಮಸ್ಟಾಂಗ್ ಕಾರು. 2000ದಲ್ಲಿ ತೆರೆಕಂಡ ಆ ಚಿತ್ರ ವಿಶ್ವದಾದ್ಯಂತ ಸುಮಾರು 23 ಕೋಟಿ ಡಾಲರ್ ಗಳಿಸಿತು. ಅದು 26 ವರ್ಷ ಹಿಂದಿನ ಒಂದು ಬಡ ಚಿತ್ರದ ಮರುಸೃಷ್ಟಿ ಎಂಬ ಸಂಗತಿ ಮಾತ್ರ ಅನೇಕರಿಗೆ ತಿಳಿದಿಲ್ಲ. ಮೂಲಚಿತ್ರದಲ್ಲಿ ತಾರೆಗಳಿರಲಿಲ್ಲ, ಹಾಲಿವುಡ್ ಸ್ಟುಡಿಯೊದ ಬೆಂಬಲವಿರಲಿಲ್ಲ, ಸರಿಯಾದ ಚಿತ್ರಕಥೆಯೂ ಇರಲಿಲ್ಲ. ಇದ್ದದ್ದು ಒಬ್ಬ ಗುಜರಿ ವ್ಯಾಪಾರಿ ಮತ್ತು ಅವನ ಅಂಗಳದ ತುಂಬ ಕಾರುಗಳು.

1974ರ ಜುಲೈ ತಿಂಗಳಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಈ ಚಿತ್ರವನ್ನು ನೋಡಿದವರಲ್ಲಿ ಅಂದಿನಿಂದಲೂ ಎರಡು ಪಂಗಡಗಳಿವೆ. ಇದು ಸಿನಿಮಾವೇ ಅಲ್ಲ ಎನ್ನುವುದು ಒಂದು ಪಂಗಡ. ಬೆನ್ನಟ್ಟುವ ದೃಶ್ಯಗಳ ಮಟ್ಟಿಗೆ ಇದನ್ನು ಮೀರಿಸಿದ್ದು ಇನ್ನೊಂದಿಲ್ಲ ಎನ್ನುವುದು ಮತ್ತೊಂದು. ವಿಚಿತ್ರವೆಂದರೆ ಈ ಎರಡು ಪಂಗಡಗಳ ನಡುವೆ ವಾಸ್ತವಾಂಶಗಳ ಬಗ್ಗೆ ಭಿನ್ನಾಭಿಪ್ರಾಯವೇ ಇಲ್ಲ.

ಗುಜರಿ ಅಂಗಳದಿಂದ ಬಂದ ನಿರ್ದೇಶಕ

ಚಿತ್ರದ ಬರಹಗಾರ, ನಿರ್ಮಾಪಕ, ನಿರ್ದೇಶಕ, ನಾಯಕ ನಟ ಹಾಗೂ ನಾಯಕನ ಸಾಹಸಗಳನ್ನು ಮಾಡಿದಾತ, ಎಲ್ಲವೂ ಎಚ್.ಬಿ. ಹಾಲಿಕಿ ಒಬ್ಬನೇ. ನ್ಯೂಯಾರ್ಕ್ ರಾಜ್ಯದ ಡನ್‌ಕರ್ಕ್ ಪಟ್ಟಣದಲ್ಲಿ 1940ರಲ್ಲಿ ಹುಟ್ಟಿದ ಈತನ ಕುಟುಂಬದ್ದು ಕೆಟ್ಟುನಿಂತ ವಾಹನಗಳನ್ನು ಎಳೆದೊಯ್ಯುವ ವ್ಯವಹಾರ. ಹದಿಹರೆಯದಲ್ಲೇ ಕ್ಯಾಲಿಫೋರ್ನಿಯಕ್ಕೆ ಹೋಗಿ ಲಾಸ್ ಏಂಜಲೀಸ್ ಬಳಿಯ ಗಾರ್ಡಿನಾದಲ್ಲಿ ಹಳೆಯ ವಾಹನಗಳ ವ್ಯಾಪಾರದಲ್ಲಿ ನೆಲೆಯೂರಿದ. ಚಿತ್ರಕಲೆಯನ್ನು ಯಾವ ಶಾಲೆಯಲ್ಲೂ ಕಲಿತವನಲ್ಲ. ಕಾರುಗಳನ್ನು ಬಲ್ಲವನು.

ಚಿತ್ರಕ್ಕಾದ ಖರ್ಚು ಸುಮಾರು ಒಂದೂವರೆ ಲಕ್ಷ ಡಾಲರ್ ಎಂದು ಹೇಳಲಾಗುತ್ತದೆ. ಆ ಕಾಲದ ಹಾಲಿವುಡ್ ಲೆಕ್ಕದಲ್ಲೂ ಅದು ಚಿಲ್ಲರೆ ಹಣ. ನಟವರ್ಗದ ಬಹುಪಾಲು ಮಂದಿ ಹಾಲಿಕಿಯ ಬಂಧುಗಳು ಮತ್ತು ಸ್ನೇಹಿತರು. ಪೊಲೀಸ್ ಕಾರುಗಳನ್ನು ನಗರಾಡಳಿತದ ಹರಾಜಿನಲ್ಲಿ ಸರಾಸರಿ 200 ಡಾಲರ್‌ನಂತೆ ಕೊಂಡು ತರಲಾಗಿತ್ತು. ಕಾರ್ಸನ್ ನಗರದ ಅಂದಿನ ಮೇಯರ್ ಸಾಕ್ ಯಮಾಮೋಟೊ ತಮ್ಮದೇ ಪಾತ್ರದಲ್ಲಿ ಕಾಣಿಸಿಕೊಂಡರು. ಹಳಿತಪ್ಪಿದ ರೈಲು ತೆರೆಯ ಮೇಲೆ ಬರುವುದುಂಟು. ಅದೂ ನಿಜವಾಗಿ ನಡೆದ ಅಪಘಾತವೇ. ಸುದ್ದಿ ತಿಳಿದ ಹಾಲಿಕಿ ತನ್ನ ತಂಡವನ್ನು ಅಲ್ಲಿಗೆ ಕರೆದೊಯ್ದು ದೃಶ್ಯವೊಂದನ್ನು ಚಿತ್ರೀಕರಿಸಿಕೊಂಡ.

ಕಥೆ ಸರಳ. ಮೇಂಡ್ರಿಯನ್ ಪೇಸ್ ಹಗಲಿನಲ್ಲಿ ವಿಮಾ ತನಿಖಾಧಿಕಾರಿ, ಮರೆಯಲ್ಲಿ ಕಾರುಗಳ್ಳ. ದಕ್ಷಿಣ ಅಮೆರಿಕದ ಮಾದಕವಸ್ತು ದೊರೆಯೊಬ್ಬನಿಗೆ ಐದು ದಿನಗಳಲ್ಲಿ 48 ಕಾರುಗಳನ್ನು ಕದ್ದು ಒಪ್ಪಿಸಲು ಆತ ಗುತ್ತಿಗೆ ಹಿಡಿಯುತ್ತಾನೆ. ಪ್ರತಿ ಕಾರಿಗೂ ಗುಟ್ಟಿನ ಗುರುತಾಗಿ ಒಂದೊಂದು ಹೆಣ್ಣಿನ ಹೆಸರು. ಹಳದಿ ಮಸ್ಟಾಂಗ್‌ಗೆ ‘ಎಲಿನಾರ್’ ಎಂಬ ಹೆಸರು. ಪೇಸ್‌ನದೊಂದು ನಿಯಮವಿದೆ: ವಿಮೆ ಇರುವ ಕಾರನ್ನು ಮಾತ್ರ ಕದಿಯಬೇಕು, ಬಡಪಾಯಿ ಮಾಲೀಕನಿಗೆ ನಷ್ಟವಾಗಬಾರದು. ಮೊದಲು ಕದ್ದ ಎಲಿನಾರ್‌ಗೆ ವಿಮೆ ಇಲ್ಲವೆಂದು ತಿಳಿದು ಅದನ್ನು ಹಿಂದಿರುಗಿಸಬೇಕಾಗುತ್ತದೆ. ಇನ್ನೊಂದನ್ನು ಲಾಂಗ್ ಬೀಚ್‌ನಲ್ಲಿ ಕದಿಯಲು ಹೋದಾಗ, ಜಗಳವಾಡಿಕೊಂಡ ನೆಂಟನೇ ಪೊಲೀಸರಿಗೆ ಸುಳಿವು ಕೊಟ್ಟಿರುತ್ತಾನೆ. ಅಲ್ಲಿಂದ ಮುಂದಿನ ಸುಮಾರು 40 ನಿಮಿಷ ಕಥೆಯಿಲ್ಲ, ಓಟ ಮಾತ್ರ. ಲಾಂಗ್ ಬೀಚ್, ಕಾರ್ಸನ್, ಟಾರೆನ್ಸ್ ನಗರಗಳ ಬೀದಿಗಳಲ್ಲಿ ಹಳದಿ ಕಾರು ಮುಂದೆ, ಪೊಲೀಸರು ಹಿಂದೆ. ಇಡೀ ಚಿತ್ರ ಮುಗಿಯುವ ವೇಳೆಗೆ ನುಜ್ಜುಗುಜ್ಜಾದ ವಾಹನಗಳ ಸಂಖ್ಯೆ 93.

ಆಕ್ಷೇಪಗಳು

ಮೊದಲ ಒಂದು ಗಂಟೆ ಸಹಿಸಲಸಾಧ್ಯ ಎಂಬುದು ಪ್ರೇಕ್ಷಕರ ಅತ್ಯಂತ ಸಾಮಾನ್ಯ ದೂರು. ಕಳ್ಳತನದ ಮೇಲೆ ಕಳ್ಳತನ ನಡೆಯುತ್ತ ಹೋಗುತ್ತದೆ. ಯಾರು ಯಾರಿಗೆ ಏನಾಗಬೇಕು ಎಂಬುದು ತಿಳಿಯುವುದೇ ಕಷ್ಟ. ಮಾತನಾಡುವವರ ಮುಖ ಕಾಣದೆ ಧ್ವನಿ ಮಾತ್ರ ಕೇಳಿಬರುವ ಸಂದರ್ಭಗಳು ಬೇಕಾದಷ್ಟು. ಹಾಲಿಕಿಗೆ ಅಭಿನಯ ಬರುತ್ತಿರಲಿಲ್ಲ ಎಂಬುದನ್ನು ಅವನ ಅಭಿಮಾನಿಗಳೂ ಒಪ್ಪುತ್ತಾರೆ. ಸಂಭಾಷಣೆಯ ಬಹುಭಾಗವನ್ನು ನಟರು ಸ್ಥಳದಲ್ಲೇ ಹೊಳೆದಂತೆ ಆಡಿದ್ದಾರೆ; ಹಾಗೆ ಆಡಿದ್ದು ಗೊತ್ತಾಗುವಂತೆಯೂ ಇದೆ. ಪೂರ್ಣ ಚಿತ್ರಕಥೆಯಿಲ್ಲದೆ ಬಂದು ಬೀಳುತ್ತಿದ್ದ ರೀಲುಗಳನ್ನು ಹೊಂದಿಸುವ ಪಾಡನ್ನು ಸಂಕಲನಕಾರ ವಾರ್ನರ್ ಲೇಟನ್ ನಂತರದ ದಿನಗಳಲ್ಲಿ ವಿವರಿಸಿದ್ದುಂಟು.

ನೈತಿಕವಾದ ಆಕ್ಷೇಪವೊಂದೂ ಇದೆ. ಅದು ಹೆಚ್ಚು ಗಟ್ಟಿಯಾದದ್ದು. ಚಿತ್ರದ ಕೊನೆಯಲ್ಲಿ ಜಜ್ಜಿಹೋದ ಎಲಿನಾರ್‌ನೊಡನೆ ಕಾರು ತೊಳೆಯುವ ಕೇಂದ್ರವೊಂದಕ್ಕೆ ಬರುವ ಪೇಸ್, ಅಲ್ಲಿ ಅಂಥದೇ ಇನ್ನೊಂದು ಹಳದಿ ಮಸ್ಟಾಂಗ್ ಕಂಡು ಅದನ್ನು ಲಪಟಾಯಿಸಿ ಪಾರಾಗುತ್ತಾನೆ. ಆ ಕಾರಿಗೆ ವಿಮೆ ಇದೆಯೇ ಎಂದು ನೋಡುವ ವ್ಯವಧಾನ ಅವನಿಗಿಲ್ಲ. ಕಳ್ಳನ ಧರ್ಮವೆಂದು ಚಿತ್ರದುದ್ದಕ್ಕೂ ಹೇಳಿಕೊಂಡು ಬಂದದ್ದು ಅರೆಕ್ಷಣದಲ್ಲಿ ಗಾಳಿಗೆ ಹೋಗುತ್ತದೆ. ಇದು ನಿರ್ದೇಶಕನ ಮರೆವೋ, ಕುಹಕವೋ ಎಂಬ ಬಗ್ಗೆ ವಾದಗಳಿವೆ. ಕುಹಕವೆಂದು ಭಾವಿಸಲು ಚಿತ್ರದಲ್ಲಿ ಬೇರೆ ಆಧಾರವೇನೂ ಕಾಣುವುದಿಲ್ಲ. ಆದರೂ ಅಂತ್ಯ ಕಹಿಯಾಗಿಯೇ ಉಳಿಯುತ್ತದೆ, ಅದು ಚಿತ್ರಕ್ಕೆ ಒಪ್ಪುತ್ತದೆ ಕೂಡ.

ನಲವತ್ತು ನಿಮಿಷಗಳ ಸಮರ್ಥನೆ

ಬೆಂಬಲಿಗರು ಮೇಲಿನ ಯಾವ ದೋಷವನ್ನೂ ಅಲ್ಲಗಳೆಯುವುದಿಲ್ಲ. ಅವರು ಬೊಟ್ಟುಮಾಡುವುದು ಕಾರಿನ ಮೈಮೇಲಿನ ಗಾಯಗಳತ್ತ. ಸಾಮಾನ್ಯ ಸಾಹಸಚಿತ್ರಗಳಲ್ಲಿ ಒಂದು ದೃಶ್ಯದಲ್ಲಿ ತಗ್ಗಾದ ಬಾಗಿಲು ಮುಂದಿನ ದೃಶ್ಯದಲ್ಲಿ ನುಣುಪಾಗಿರುತ್ತದೆ. ‘ಬುಲಿಟ್’ (1968) ಚಿತ್ರದ ಪ್ರಖ್ಯಾತ ಬೆನ್ನಟ್ಟುವಿಕೆಯಲ್ಲಿ ಒಂದೇ ಹಸಿರು ಫೋಕ್ಸ್‌ವ್ಯಾಗನ್ ಮತ್ತೆ ಮತ್ತೆ ಎದುರಾಗುವುದನ್ನು ಲೆಕ್ಕ ಹಾಕುವುದೇ ಒಂದು ಆಟವಾಗಿದೆ. ಎಲಿನಾರ್‌ನ ಸ್ಥಿತಿ ಹಾಗಲ್ಲ. ಅದು ಹೊಸ ಮದುವಣಗಿತ್ತಿಯಂತೆ ಹೊರಟು, ಒಂದೊಂದೇ ಪೆಟ್ಟು ತಿನ್ನುತ್ತ, ತಿಂದದ್ದನ್ನು ಹೊತ್ತುಕೊಂಡೇ ಓಡಿ ಕೊನೆಗೆ ತಗಡಿನ ಮುದ್ದೆಯಾಗುತ್ತದೆ. ಪ್ರೇಕ್ಷಕನ ಆತಂಕ ಪೇಸ್‌ನ ಕುರಿತಲ್ಲ, ಕಾರಿನ ಕುರಿತು. ಚಿತ್ರದ ಶೀರ್ಷಿಕೆಗಳಲ್ಲಿ ತಾರೆಯ ಸ್ಥಾನ ದೊರೆತಿರುವುದೂ ಎಲಿನಾರ್‌ಗೇ.

ಈ ಕಾರಿನ ಹಿಂದೆ ಬಹಳ ಕೈಗೆಲಸವಿದೆ. ಚಿತ್ರೀಕರಣಕ್ಕೆ ಬಳಸಿದ್ದು ಎರಡು ಮಸ್ಟಾಂಗ್‌ಗಳು. ಎರಡೂ 1971ರ ಮಾದರಿಯವು. ಮುಂಭಾಗದ ಜಾಲರಿ ಬದಲಾಯಿಸಿ 1973ರದೆಂದು ತೋರಿಸಲಾಯಿತು. ಸಾಹಸಕ್ಕೆ ಮೀಸಲಾದ ಕಾರಿನೊಳಗೆ, ಪಲ್ಟಿಯಾದರೂ ಚಾಲಕ ಉಳಿಯುವಂತೆ ಉಕ್ಕಿನ ಪಂಜರ ಕೂರಿಸಲಾಗಿತ್ತು. ಅದನ್ನು ಸಿದ್ಧಪಡಿಸಲು ಹಿಡಿದದ್ದು 250 ಗಂಟೆ.

ಪಂಜರವಿದ್ದರೂ ಅಪಾಯ ತಪ್ಪಲಿಲ್ಲ. ಹೆದ್ದಾರಿಯ ದೃಶ್ಯವೊಂದರಲ್ಲಿ ಇನ್ನೊಂದು ಕಾರಿನ ಚಾಲಕನ ಅಂದಾಜು ತಪ್ಪಿ, ಗಂಟೆಗೆ ಸುಮಾರು 100 ಮೈಲಿ ವೇಗದಲ್ಲಿದ್ದ ಎಲಿನಾರ್ ಗಿರ್ರನೆ ತಿರುಗಿ ದೀಪದ ಕಂಬಕ್ಕೆ ಅಪ್ಪಳಿಸಿತು. ಎಚ್ಚರ ಬಂದೊಡನೆ ಹಾಲಿಕಿ ಕೇಳಿದ್ದು ದೃಶ್ಯ ಕ್ಯಾಮೆರಾದಲ್ಲಿ ಸೆರೆಯಾಯಿತೇ ಎಂದು ಎಂಬುದು ತಂಡದವರ ನೆನಪು. ಸೆರೆಯಾಗಿತ್ತು. ಅದು ಚಿತ್ರದಲ್ಲಿಯೂ ಉಳಿದಿದೆ. ಕೊನೆಯಲ್ಲಿ ಅಪಘಾತಗೊಂಡು ನಿಂತ ಕಾರುಗಳ ರಾಶಿಯ ಮೇಲಿಂದ ಎಲಿನಾರ್ 30 ಅಡಿ ಎತ್ತರಕ್ಕೆ ಚಿಮ್ಮಿ 128 ಅಡಿ ದೂರಕ್ಕೆ ಹಾರುತ್ತದೆ. ಒಳಗಿದ್ದದ್ದು ಹಾಲಿಕಿಯೇ, ಡೂಪ್ ಅಲ್ಲ. ನೆಲಕ್ಕೆ ಬಿದ್ದ ರಭಸಕ್ಕೆ ಬೆನ್ನುಮೂಳೆಗೆ ಪೆಟ್ಟಾಯಿತು. ಆ ಬಳಿಕ ಆತನ ನಡಿಗೆ ಮೊದಲಿನಂತಾಗಲೇ ಇಲ್ಲವೆಂದು ಛಾಯಾಗ್ರಾಹಕ ಜ್ಯಾಕ್ ವಾಚೆಕ್ ಹೇಳಿದ್ದುಂಟು.

ಈ ವಿವರಗಳನ್ನು ತಿಳಿದ ಮೇಲೆ ಚಿತ್ರವನ್ನು ಎರಡನೆಯ ಸಲ ನೋಡುವವರ ಅಭಿಪ್ರಾಯ ಬದಲಾಗುವುದುಂಟು. ಮೊದಲ ಸಲ ಕಥೆಯೆಂದು ನೋಡಿ ನಿರಾಶರಾದವರು ಎರಡನೆಯ ಸಲ ಅದನ್ನು ದಾಖಲೆಯಂತೆ ನೋಡುತ್ತಾರೆ. ರಸ್ತೆಬದಿಯಲ್ಲಿ ನಿಂತು ಬಾಯಿಬಿಟ್ಟು ನೋಡುತ್ತಿರುವವರಲ್ಲಿ ಹೆಚ್ಚಿನವರು ಸಂಭಾವನೆ ಪಡೆದ ನಟರಲ್ಲ. ಆ ಅಂಗಡಿಗಳು, ಜಾಹೀರಾತು ಫಲಕಗಳು, ಖಾಲಿ ನಿವೇಶನಗಳು ಎಲ್ಲವೂ 1970ರ ದಶಕದ ಆರಂಭದ ದಕ್ಷಿಣ ಲಾಸ್ ಏಂಜಲೀಸ್ ಪ್ರದೇಶದ ನೈಜ ಚಿತ್ರಣ. ಕಾರುಗಳ ಮಟ್ಟಿಗಂತೂ ಅದೊಂದು ಯುಗಾಂತ್ಯದ ಪಟ್ಟಿ. 1973ರ ಅಕ್ಟೋಬರ್‌ನಲ್ಲಿ ಅರಬ್ ರಾಷ್ಟ್ರಗಳ ತೈಲ ನಿರ್ಬಂಧ ಆರಂಭವಾಯಿತು. 1974ರ ಜನವರಿಯಲ್ಲಿ ಅಮೆರಿಕ ದೇಶದಾದ್ಯಂತ ಗಂಟೆಗೆ 55 ಮೈಲಿಗಳ ವೇಗಮಿತಿ ವಿಧಿಸುವ ಕಾನೂನಿಗೆ ಅಂಕಿತ ಬಿತ್ತು. ಫೋರ್ಡ್ ಕಂಪನಿಯ ಮಸ್ಟಾಂಗ್ ಕೂಡ ಅದೇ ವರ್ಷದ ಮಾದರಿಯಿಂದ ಕುಗ್ಗಿ ಚಿಕ್ಕದಾಯಿತು. ಪೆಟ್ರೋಲ್ ಬಂಕ್‌ಗಳ ಮುಂದೆ ಸಾಲುನಿಂತು ಸುಸ್ತಾದ ಜನ ಅದಾದ ಕೆಲವೇ ತಿಂಗಳಲ್ಲಿ ಈ ಚಿತ್ರ ನೋಡಿದರು. ಹಾಲಿಕಿ ಸ್ವತಃ ಹಂಚಿಕೆ ಮಾಡಿದ ಚಿತ್ರ ಒಟ್ಟಾರೆ 4 ಕೋಟಿ ಡಾಲರ್ ಗಳಿಸಿತೆಂಬ ಅಂಕಿ ಪ್ರಚಲಿತದಲ್ಲಿದೆ. ಹಾಗಿದ್ದೂ ವಿಮರ್ಶಕರ ಪಟ್ಟಿಗಳಲ್ಲಿ ‘ಬುಲಿಟ್’, ‘ದಿ ಫ್ರೆಂಚ್ ಕನೆಕ್ಷನ್’ (1971) ಮುಂತಾದವುಗಳ ಸಾಲಿನಲ್ಲಿ ಇದಕ್ಕೆ ಎಂದೂ ಗೌರವದ ಜಾಗ ಸಿಗಲಿಲ್ಲ. ಜನ ನೋಡಿದರು, ಬಲ್ಲವರು ಕಣ್ಣೆತ್ತಿ ನೋಡಲಿಲ್ಲ.

ಮರುಸೃಷ್ಟಿಯ ನೆರಳು

2000ದ ಚಿತ್ರದ ನಿರ್ದೇಶಕ ಡೊಮಿನಿಕ್ ಸೆನಾ, ನಿರ್ಮಾಪಕ ಜೆರ್ರಿ ಬ್ರಕ್‌ಹೈಮರ್. ಕದಿಯಬೇಕಾದ ಕಾರುಗಳು 50ಕ್ಕೇರಿದವು, ನಾಯಕನಿಗೆ ತಮ್ಮನ ಪ್ರಾಣ ಉಳಿಸುವ ಸದುದ್ದೇಶ ದೊರೆಯಿತು, ಎಲಿನಾರ್ 1967ರ ಶೆಲ್ಬಿ ಮಸ್ಟಾಂಗ್ ಆಗಿ ರೂಪ ಬದಲಿಸಿತು. ಸೇತುವೆಯ ಮೇಲಿನ ಅದರ ಅಂತಿಮ ಜಿಗಿತಕ್ಕೆ ಕಂಪ್ಯೂಟರ್ ಗ್ರಾಫಿಕ್ಸ್ ನೆರವಾಯಿತು. ನೋಡಲು ಅದೇ ಸೊಗಸು. ಆದರೆ ಎರಡನ್ನೂ ಒಂದರ ಹಿಂದೊಂದು ನೋಡಿದವರಿಗೆ 128 ಅಡಿಯ ಒರಟು ಜಿಗಿತವೇ ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆ, ಏಕೆಂದರೆ ಆ ಕಾರು ಹಾರುವಾಗ ವಾಲುತ್ತದೆ, ಬಿದ್ದಾಗ ಮುರಿಯುತ್ತದೆ.

ಮರುಸೃಷ್ಟಿಯಿಂದ ಮೂಲಚಿತ್ರಕ್ಕೆ ಒಂದು ಲಾಭ, ಒಂದು ನಷ್ಟ. ಅದೇ ವರ್ಷ ಹಳೆಯ ಚಿತ್ರ ಡಿವಿಡಿ ರೂಪದಲ್ಲಿ ಮತ್ತೆ ಬಂದಿತು. ಚಿತ್ರಬಿಂಬ ಸ್ವಚ್ಛವಾಗಿತ್ತು, ಆದರೆ ಮೂಲ ಸಂಗೀತದ ಜಾಗದಲ್ಲಿ ಹೊಸ ಸಂಗೀತ ಕೂರಿಸಲಾಗಿತ್ತು. ಹಳೆಯ ಪ್ರೇಕ್ಷಕರನ್ನು ಇದು ಇಂದಿಗೂ ಕೆರಳಿಸುತ್ತದೆ. ಚಿತ್ರಮಂದಿರದಲ್ಲೋ ಹಳೆಯ ವಿಡಿಯೊ ಕ್ಯಾಸೆಟ್‌ನಲ್ಲೋ ಮೊದಲು ನೋಡಿದವರಿಗೂ, ಡಿವಿಡಿಯಲ್ಲಿ ಮೊದಲ ಬಾರಿ ನೋಡಿದವರಿಗೂ ಕಿವಿಯ ಮಟ್ಟಿಗೆ ಅದು ಒಂದೇ ಚಿತ್ರವಲ್ಲ. ಚಿತ್ರದ ಕುರಿತ ಎಷ್ಟೋ ವಾದಗಳಲ್ಲಿ ಎರಡು ಕಡೆಯವರೂ ಬೇರೆ ಬೇರೆ ಆವೃತ್ತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ ಎಂಬುದನ್ನು ಗಮನಿಸಬೇಕು. ಕಡಿಮೆ ಖರ್ಚಿನ, ಸ್ಟುಡಿಯೊ ಬೆಂಬಲವಿಲ್ಲದ ಚಿತ್ರಗಳ ಪಾಡೇ ಇದು. ಮೂಲ ರೂಪವನ್ನು ಜತನದಿಂದ ಉಳಿಸುವ ಭಾರ ಹೊರುವವರು ವಿರಳ.

1989ರ ಆಗಸ್ಟ್ 20

ಹಾಲಿಕಿ ಆ ಬಳಿಕ ‘ದಿ ಜಂಕ್‌ಮ್ಯಾನ್’ (1982), ‘ಡೆಡ್‌ಲೈನ್ ಆಟೊ ಥೆಫ್ಟ್’ (1983) ಚಿತ್ರಗಳನ್ನು ಮಾಡಿದ. 1989ರಲ್ಲಿ ಮೊದಲ ಚಿತ್ರದ ಎರಡನೆಯ ಭಾಗಕ್ಕೆ ಕೈಹಚ್ಚಿದ. ಅದೇ ವರ್ಷದ ಮೇ ತಿಂಗಳಲ್ಲಿ ಡೆನಿಸ್ ಶಕಾರಿಯನ್ ಅವರೊಂದಿಗೆ ವಿವಾಹವಾಗಿತ್ತು. ಆಗಸ್ಟ್ 20ರಂದು ನ್ಯೂಯಾರ್ಕ್ ರಾಜ್ಯದ ಬಫಲೊ ಸಮೀಪ, ನೀರಿನ ಗೋಪುರವೊಂದು ಉರುಳಿಬೀಳುವ ದೃಶ್ಯದ ಸಿದ್ಧತೆ ನಡೆದಿತ್ತು. ಗೋಪುರಕ್ಕೆ ಬಿಗಿದಿದ್ದ ಉಕ್ಕಿನ ಹಗ್ಗ ಅನಿರೀಕ್ಷಿತವಾಗಿ ತುಂಡಾಗಿ ದೂರವಾಣಿ ಕಂಬವೊಂದನ್ನು ಕತ್ತರಿಸಿತು. ಕಂಬ ಹಾಲಿಕಿಯ ಮೇಲೆ ಬಿತ್ತು. ಆತನಿಗೆ ಆಗ 48 ವರ್ಷ. ಚಿತ್ರ ಪೂರ್ಣಗೊಳ್ಳಲಿಲ್ಲ.

ನೈಜ ಅಪಾಯವನ್ನೇ ಚಿತ್ರದ ಹಿರಿಮೆಯೆಂದು ಕೊಂಡಾಡುವ ಪ್ರೇಕ್ಷಕರು ಈ ಅಧ್ಯಾಯದ ಮುಂದೆ ತಡವರಿಸುತ್ತಾರೆ. ಕಂಬಕ್ಕೆ ಬಡಿದ ದೃಶ್ಯವನ್ನು ನೋಡಿ ಶಿಳ್ಳೆ ಹೊಡೆದವರು, ಅದೇ ಬಗೆಯ ಇನ್ನೊಂದು ಲೆಕ್ಕತಪ್ಪಿದ ಕ್ಷಣ ಪ್ರಾಣವನ್ನೇ ಕೊಂಡೊಯ್ದದ್ದನ್ನು ಹೇಗೆ ನೋಡಬೇಕು? ಇಂಥ ಸಾಹಸವನ್ನು ಯಾರಿಂದಲೂ ಮಾಡಿಸಬಾರದು, ಕಂಪ್ಯೂಟರ್ ಬಂದದ್ದೇ ಒಳಿತಾಯಿತು ಎನ್ನುವವರ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಹಾಲಿಕಿ ಇನ್ನೊಬ್ಬರನ್ನು ಮುಂದೆ ತಳ್ಳಿ ತಾನು ಹಿಂದೆ ನಿಂತವನಲ್ಲ ಎಂಬುದು ಇದಕ್ಕೆ ಬೆಂಬಲಿಗರ ಉತ್ತರ. ಉತ್ತರ ಸತ್ಯವೇ ಆದರೂ ಪೂರ್ತಿಯಲ್ಲ. ಆತ ಓಡಿಸಿದ ರಸ್ತೆಗಳಲ್ಲಿ ಸಾಮಾನ್ಯ ಜನರೂ ಇದ್ದರು.

ನ್ಯಾಯಾಲಯವೂ ಈ ಚಿತ್ರಗಳ ಪ್ರೇಕ್ಷಕನಾದದ್ದುಂಟು. ಹಾಲಿಕಿಯ ನಿಧನಾನಂತರ ಹಕ್ಕುಗಳನ್ನು ಪಡೆದ ಡೆನಿಸ್ ಹಾಲಿಕಿ, ಎಲಿನಾರ್ ಕೇವಲ ಕಾರಲ್ಲ, ಕೃತಿಸ್ವಾಮ್ಯಕ್ಕೆ ಅರ್ಹವಾದ ಪಾತ್ರ ಎಂದು ವಾದಿಸುತ್ತ ಬಂದರು. 2008ರಲ್ಲಿ ಅಮೆರಿಕದ ಒಂಬತ್ತನೇ ವಲಯದ ಮೇಲ್ಮನವಿ ನ್ಯಾಯಾಲಯ ಆ ವಾದದತ್ತ ಒಲವು ತೋರಿ, ಅಂತಿಮ ನಿರ್ಣಯವನ್ನು ಕೆಳಗಿನ ನ್ಯಾಯಾಲಯಕ್ಕೆ ಬಿಟ್ಟಿತ್ತು. ಶೆಲ್ಬಿ ಸಂಸ್ಥೆಯೊಂದಿಗಿನ ಮತ್ತೊಂದು ವ್ಯಾಜ್ಯದಲ್ಲಿ 2025ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ವಾದವನ್ನು ತಿರಸ್ಕರಿಸಿತು. ನಾಲ್ಕು ಚಿತ್ರಗಳಲ್ಲಿ ಬೇರೆ ಬೇರೆ ಕಾರುಗಳಿಗೆ ಆ ಹೆಸರಿದೆ. ಅವುಗಳಿಗೆ ಸ್ಥಿರವಾದ ಗುಣಲಕ್ಷಣವಾಗಲಿ ಮಾನವಸಹಜ ಚೈತನ್ಯವಾಗಲಿ ಇಲ್ಲ. ಎಲಿನಾರ್ ಒಂದು ಪರಿಕರ ಮಾತ್ರ ಎಂಬುದು ನ್ಯಾಯಪೀಠದ ಅಭಿಮತ. ಕಾನೂನಿನ ದೃಷ್ಟಿಯಲ್ಲಿ ಅದು ಸರಿಯೇ ಇರಬಹುದು. 1974ರ ಚಿತ್ರವನ್ನು ಕೊನೆಯವರೆಗೆ ಕುಳಿತು ನೋಡಿದವರಲ್ಲಿ ಬಹುತೇಕರು ನಾಯಕನ ಹೆಸರನ್ನು ಮರೆತಿರುತ್ತಾರೆ, ಕಾರಿನ ಹೆಸರನ್ನಲ್ಲ.