ಕಠಿಣ ಸಜೆ ಅಂದ್ರೆ ಕಲ್ಲು ಒಡೆಯೋದೇನಾ? 'ಹಾರ್ಡ್ ಲೇಬರ್' ಪದದ ಅರ್ಥ ತಿಳ್ಕೊಳ್ಳಿ

ಕೋರ್ಟ್ ಸುದ್ದಿಗಳಲ್ಲಿ 'ಅಪರಾಧಿಗೆ 3 ವರ್ಷ ಕಠಿಣ ಸಜೆ' ಅಂತ ಓದಿರ್ತೀರಿ. ಕೆಲವೊಮ್ಮೆ 'ಸಾದಾ ಸಜೆ' ಅಂತಲೂ ಇರುತ್ತೆ. ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಪದ: ಹಾರ್ಡ್ ಲೇಬರ್, ಅಂದ್ರೆ ಕಠಿಣ ದುಡಿಮೆ.

ಕಾನೂನು ಏನು ಹೇಳುತ್ತೆ?
1860ರ ಭಾರತೀಯ ದಂಡ ಸಂಹಿತೆಯ 53ನೇ ಕಲಂನಲ್ಲಿ ಕಠಿಣ ಸಜೆ ಎಂದರೆ 'ಹಾರ್ಡ್ ಲೇಬರ್ ಸಹಿತ' ಜೈಲುವಾಸ ಎಂದಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 4ನೇ ಕಲಂನಲ್ಲೂ ಅದೇ ಮಾತು ಉಳಿದಿದೆ. ಹೊಸದಾಗಿ ಸೇರಿದ್ದು ಸಮುದಾಯ ಸೇವೆ.

ಪದ ಬಂದದ್ದು ಎಲ್ಲಿಂದ?
ಇಂಗ್ಲೆಂಡಿನಿಂದ. ಅಲ್ಲಿ 19ನೇ ಶತಮಾನದಲ್ಲಿ ಕೈದಿಗಳಿಂದ ದೊಡ್ಡ ಚಕ್ರ ತುಳಿಸುತ್ತಿದ್ದರು, ಕಲ್ಲು ಒಡೆಸುತ್ತಿದ್ದರು. ಅಂಡಮಾನ್‌ನ ಸೆಲ್ಯುಲರ್ ಜೈಲಿನಲ್ಲಿ ನಮ್ಮವರಿಂದ ಎಣ್ಣೆ ಗಾಣ ತಿರುಗಿಸಿದರು. 1948ರಲ್ಲಿ ಇಂಗ್ಲೆಂಡ್ ಈ ಶಿಕ್ಷೆಯನ್ನೇ ಕೈಬಿಟ್ಟಿತು. ನಮ್ಮಲ್ಲಿ ಪದ ಉಳಿಯಿತು, ಕೆಲಸ ಬದಲಾಯಿತು. ಈಗ ಜೈಲುಗಳಲ್ಲಿ ಹೊಲಿಗೆ, ಮರಗೆಲಸ, ಬೇಕರಿ, ಅಡುಗೆ, ತೋಟದ ಕೆಲಸ ಇರುತ್ತೆ.

ಯಾರು ಕೆಲಸ ಮಾಡಲೇಬೇಕು?
ಕಠಿಣ ಸಜೆಯಾದವರು ಜೈಲಿನವರು ಕೊಟ್ಟ ಕೆಲಸ ಮಾಡಲೇಬೇಕು. ಸಾದಾ ಸಜೆಯವರು ಇಷ್ಟವಿದ್ದರೆ ಮಾಡಬಹುದು. ವಿಚಾರಣಾಧೀನ ಕೈದಿಗಳಿಗೆ ಇನ್ನೂ ಶಿಕ್ಷೆಯೇ ಆಗಿಲ್ಲ, ಹಾಗಾಗಿ ಈ ಕಡ್ಡಾಯ ಅವರಿಗಿಲ್ಲ. ಜೀವಾವಧಿ ಶಿಕ್ಷೆಯನ್ನು ಕಠಿಣ ಸಜೆ ಎಂದೇ ಪರಿಗಣಿಸಲಾಗುತ್ತೆ.

ಯಾವ ಅಪರಾಧಕ್ಕೆ ಯಾವ ಸಜೆ?
• ಸುಲಿಗೆ: 10 ವರ್ಷದವರೆಗೆ ಕಠಿಣ ಸಜೆ. ಹೆದ್ದಾರಿಯಲ್ಲಿ ರಾತ್ರಿ ಹೊತ್ತು ಮಾಡಿದರೆ 14 ವರ್ಷದವರೆಗೆ.
• ಸಾಮಾನ್ಯ ಕಳ್ಳತನ: 3 ವರ್ಷದವರೆಗೆ, ಕಠಿಣವೋ ಸಾದಾವೋ ಕೋರ್ಟ್ ತೀರ್ಮಾನ. ಎರಡನೇ ಸಲ ಸಾಬೀತಾದರೆ 1ರಿಂದ 5 ವರ್ಷ ಕಠಿಣ ಸಜೆಯೇ.
• ಮಾನಹಾನಿ: 2 ವರ್ಷದವರೆಗೆ ಸಾದಾ ಸಜೆ, ಅಥವಾ ದಂಡ, ಅಥವಾ ಎರಡೂ, ಇಲ್ಲವೇ ಸಮುದಾಯ ಸೇವೆ.
• ಚೆಕ್ ಬೌನ್ಸ್: ಅಂಗಡಿಯವರು ಹೆಚ್ಚು ಕೇಳೋದು ಇದನ್ನೇ. 2 ವರ್ಷದವರೆಗೆ ಸಜೆ, ಅಥವಾ ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ. ಯಾವ ಬಗೆಯ ಸಜೆ ಅಂತ ಆ ಕಲಂನಲ್ಲಿ ಹೇಳಿಲ್ಲ, ತೀರ್ಪು ನೋಡಬೇಕು.

ಕೂಲಿ ಸಿಗುತ್ತಾ?
ಸಿಗುತ್ತೆ. ಕಠಿಣ ಸಜೆಯವರಿಂದ ಕೆಲಸ ಮಾಡಿಸೋದು ತಪ್ಪಲ್ಲ, ಆದರೆ ಪುಕ್ಕಟೆ ದುಡಿಸಬಾರದು, ನ್ಯಾಯವಾದ ಕೂಲಿ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 1998ರಲ್ಲಿ ಗುಜರಾತ್ ಪ್ರಕರಣದಲ್ಲಿ ಹೇಳಿದೆ. ಆ ದುಡಿಮೆಯ ಒಂದು ಪಾಲು ಅಪರಾಧದಿಂದ ನೊಂದವರ ಪರಿಹಾರಕ್ಕೆ ಹೋಗುವಂತೆ ರಾಜ್ಯಗಳು ಕಾನೂನು ಮಾಡಬೇಕು ಅಂತಲೂ ಸೂಚಿಸಿದೆ.

ನೆನಪಿರಲಿ
ಮನೆಯವರಿಗೋ ಪರಿಚಯದವರಿಗೋ ಶಿಕ್ಷೆಯಾದರೆ ಬಾಯಿಮಾತು ನಂಬಿ ಗಾಬರಿ ಆಗಬೇಡಿ. ತೀರ್ಪಿನ ಪ್ರತಿ ತಗೊಂಡು 'ಕಠಿಣ' ಅಂತಿದೆಯೋ 'ಸಾದಾ' ಅಂತಿದೆಯೋ ನೋಡಿ. ವಕೀಲರ ಖರ್ಚು ಭರಿಸಲು ಆಗದವರು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಬಹುದು.