ಕೈ ಜಿಪಿಎಸ್‌ನ ರಸ್ತೆ ನಕ್ಷೆ

ಅಂಗೈಯಲ್ಲಿ ಹಿಡಿಯುವ ಜಿಪಿಎಸ್ ಉಪಕರಣಕ್ಕೆ ತುಂಬಿಕೊಳ್ಳುವ ಡಿಜಿಟಲ್ ರಸ್ತೆ ನಕ್ಷೆ. ಉಪಗ್ರಹಗಳ ಸಂಕೇತದಿಂದ ತಿಳಿಯುವುದು ನಿಂತ ಜಾಗ ಮತ್ತು ವೇಳೆ ಮಾತ್ರ. ಅಲ್ಲಿ ರಸ್ತೆಯಿದೆಯೇ ಎಂಬುದನ್ನು ನಕ್ಷೆಯೇ ಹೇಳಬೇಕು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ಮಂಡ್ಯ ಬೈಪಾಸ್‌ನಲ್ಲಿ ಹಳೆಯ ನಕ್ಷೆ ಹಿಡಿದು ಸಾಗಿದರೆ ತೆರೆಯ ಮೇಲಿನ ಬಾಣ ಖಾಲಿ ಬಯಲಲ್ಲಿ ತೇಲುತ್ತದೆ; ಉಪಕರಣ ಊರೊಳಗಿನ ಹಳೆಯ ರಸ್ತೆಗೇ ಕರೆಯುತ್ತಿರುತ್ತದೆ.

ಆಯ್ಕೆಯಲ್ಲಿ ಮೊದಲು ನೋಡಬೇಕಾದದ್ದು ನಕ್ಷೆ ತಿರುವು ತಿರುವಿಗೂ ದಾರಿ ತೋರಬಲ್ಲದೇ ಎಂಬುದನ್ನು. ಏಕಮುಖ ಸಂಚಾರ, ಕೂಡುರಸ್ತೆಗಳ ಮಾಹಿತಿಯಿಲ್ಲದ ನಕ್ಷೆ ಎಷ್ಟೇ ಅಂದವಾಗಿದ್ದರೂ ಬರಿಯ ಚಿತ್ರ. 2004ರಲ್ಲಿ ಬ್ರಿಟನ್ನಿನಲ್ಲಿ ಸ್ಟೀವ್ ಕೋಸ್ಟ್ ಆರಂಭಿಸಿದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆ ಉಚಿತ. ಸ್ವಯಂಸೇವಕರು ಅದನ್ನು ದಿನವೂ ತಿದ್ದುತ್ತಾರೆ. ಅದರ ದತ್ತಾಂಶವನ್ನು ಎಂಕೆಜಿಮ್ಯಾಪ್ ಎಂಬ ತಂತ್ರಾಂಶ ಗಾರ್ಮಿನ್ ಕಂಪನಿಯ ಜಿಪಿಎಸ್ ಉಪಕರಣಗಳು ಓದಬಲ್ಲ ಕಡತವಾಗಿಸುತ್ತದೆ. ಆ ಕಡತವನ್ನು ಮೆಮೊರಿ ಕಾರ್ಡಿನ ‘ಗಾರ್ಮಿನ್’ ಫೋಲ್ಡರಿಗೆ ಹಾಕಿದರಾಯಿತು. ಗಾತ್ರ 4 ಜಿಬಿ ಮೀರಬಾರದು.

ಹಳೆಯ ನಕ್ಷೆಯನ್ನು ಸೆಟಪ್‌ಗೆ ಹೋಗಿ ಆಫ್ ಮಾಡುವುದನ್ನು ಮಾತ್ರ ಮರೆಯಬಾರದು: ಎರಡೂ ಚಾಲೂ ಇದ್ದರೆ ಒಂದು ಮತ್ತೊಂದನ್ನು ಮುಚ್ಚಿ, ಹಾಕಿದ ಹೊಸ ರಸ್ತೆಯೇ ಕಾಣದೆ ಹೋಗಬಹುದು.